ಗುಂಡಿನ ಸರದ ಎರಡು ಲೇಪ

ಶಿವರಾತ್ರಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ನಮ್ಮತ್ತೆಯ ಕೊರಳ ಸುತ್ತ ಕೆಂಪಗೆ ಗಂದೆ ಎದ್ದಿತು. ಬೆವರುಸಾಲೆ ಇರಬೇಕು ಎಂದುಕೊಂಡೆವು. ಬೇವಿನ ಸೊಪ್ಪು ಅರೆದು ಹಚ್ಚಿದ್ದಾಯಿತು, ಕೊಬ್ಬರಿ ಎಣ್ಣೆ ಸವರಿದ್ದಾಯಿತು. ಅದು ಇಳಿಯುವ ಬದಲು ಕಪ್ಪಾಗಿ, ತರಿತರಿಯಾಗಿ, ಕೊರಳ ಸುತ್ತ ಗೆರೆ ಕಟ್ಟಿತು. ಅತ್ತೆ ಮಾತಾಡುತ್ತಲೇ ಕೆರೆದುಕೊಳ್ಳುವರು, ಉಣ್ಣುತ್ತಲೇ ಕೆರೆದುಕೊಳ್ಳುವರು. ಹೊಲಿಗೆ ಮೆಷಿನ್ನಿನ ಮುಂದೆ ಕೂತ ನನಗೆ ಆ ಪರಪರ ಸದ್ದು ಕೇಳಿ ಕೇಳಿ ನನ್ನ ಕೊರಳೇ ನವೆಯಾದಂತೆ ಅನ್ನಿಸುತ್ತಿತ್ತು.

ನಮ್ಮ ಮನೆ ಹನೂರಿನಲ್ಲಿ. ಬೀದಿಗೆ ತೆರೆದ ಮುಂದಿನ ಕೋಣೆಯೇ ನನ್ನ ಅಂಗಡಿ. ರವಿಕೆ ಹೊಲಿಯುವುದು ನನ್ನ ಕೆಲಸ. ಯಜಮಾನರು ಅರಿಶಿನ, ಜೋಳ ಬೆಳೆಯುತ್ತಾರೆ. ಮಾವ ತೀರಿಕೊಂಡ ಮೇಲೆ ಅತ್ತೆ ತಾಳಿ ತೆಗೆದರು. ಕೊರಳು ಬರಿದಾಯಿತು ಎಂದು ಬೀರುವಿನಲ್ಲಿದ್ದ ತಮ್ಮ ತವರಿನ ಎರಡೆಳೆ ಗುಂಡಿನ ಸರವನ್ನು ದಿನವೂ ಹಾಕಿಕೊಳ್ಳತೊಡಗಿದರು. ಅಲ್ಲಿಯವರೆಗೆ ಮದುವೆಗೋ ಹಬ್ಬಕ್ಕೋ ಮಾತ್ರ ಹೊರಗೆ ಬರುತ್ತಿದ್ದ ಒಡವೆ ಅದು. ಮೆಣಸಿನ ಕಾಳಿಗಿಂತ ತುಸು ದೊಡ್ಡ ಗುಂಡುಗಳು, ನಡುವೆ ಅರಳಿ ಎಲೆಯ ಆಕಾರದ ಪದಕ. ಅವರ ತಾಯಿ ಮದುವೆಯಲ್ಲಿ ಹಾಕಿದ್ದು. ನನ್ನ ನಾದಿನಿಯ ಮದುವೆ ವೈಶಾಖಕ್ಕೆ ಗೊತ್ತಾಗಿತ್ತು. ಬೀಗರು ಕೊಳ್ಳೇಗಾಲದವರು. ಅವರು ಮಾತುಕತೆಗೆ ಬಂದ ದಿನವೇ ಅತ್ತೆ ಸರವನ್ನು ಬೆರಳಲ್ಲಿ ಎತ್ತಿ ತೋರಿಸಿ, "ಇದು ನನ್ನ ಮಗಳ್ಗೆ" ಎಂದು ಹೇಳಿಬಿಟ್ಟಿದ್ದರು.

ನವೆ ತಡೆಯಲಾರದೆ ಕೊನೆಗೆ ಕೊಳ್ಳೇಗಾಲದ ಚರ್ಮದ ಡಾಕ್ಟರ ಹತ್ತಿರ ಹೋದೆವು. ಆಕೆ ಕೊರಳನ್ನು ಬೆಳಕಿಗೆ ತಿರುಗಿಸಿ ನೋಡಿ ಕೇಳಿದರು:

"ಪಾಲಿಶ್ ಹಾಕಿಸಿದ ಸರ ಹಾಕ್ಕೋತೀರಾ?"

"ಪಾಲೀಸ್ ಯಾಕೆ ಆಕ್ಸ್ಲವ್ವ? ಇದು ನಮ್ಮವ್ವ ಆಕಿದ್ದು. ಅಪರಂಜಿ."

"ಚಿನ್ನಕ್ಕೆ ಸಾಮಾನ್ಯವಾಗಿ ಹೀಗಾಗಲ್ಲಮ್ಮ. ಇದು ನಿಕ್ಕಲ್ ಒಗ್ಗದೆ ಆಗೋ ತರ ಇದೆ. ಸರ ತೆಗೆದಿಟ್ಟು ನೋಡಿ, ಮುಲಾಮು ಬರೆದುಕೊಡ್ತೀನಿ."

ಬಸ್ಸಿನಲ್ಲಿ ಅತ್ತೆ ದಾರಿಯುದ್ದಕ್ಕೂ ಗೊಣಗಿದರು. ಡಾಕ್ಟರಿಗೆ ಒಡವೆಯ ವಿಷಯ ಏನು ಗೊತ್ತು ಎಂಬುದೇ ಅವರ ಮಾತು. ಆದರೂ ಮನೆಗೆ ಬಂದು ಸರ ಬಿಚ್ಚಿ, "ಬೀರ್‌ವಲ್ಲಿ ಮಡ್ಗು ಮಗ" ಎಂದು ನನ್ನ ಕೈಗೆ ಕೊಟ್ಟರು.

ಬೀರುವಿನಲ್ಲಿ ಇಡುವ ಮೊದಲು ನಾನು ಅದನ್ನು ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಡಾಕ್ಟರು ಹಾಗೆ ಅನ್ನದಿದ್ದರೆ ನೋಡುತ್ತಿರಲಿಲ್ಲ. ಕೊಂಡಿ ಸಿಕ್ಕುವ ಕಡೆ, ಒಂದು ಗುಂಡು ಇನ್ನೊಂದನ್ನು ಉಜ್ಜುವ ಕಡೆ ಬಣ್ಣ ಹಾರಿತ್ತು. ನನ್ನ ಅಂಗಡಿಗೆ ಬರುವ ಹೆಣ್ಣುಮಕ್ಕಳು ರವಿಕೆಯ ಬಣ್ಣಕ್ಕೆ ಹೊಂದಿಸಲು ಒನ್ ಗ್ರಾಂ ಗೋಲ್ಡ್ ಸೆಟ್ಟುಗಳನ್ನು ತರುತ್ತಾರೆ. ಮಾರ್ಟಳ್ಳಿ ಕಡೆಯವರು ಅದನ್ನೇ ಕವರಿಂಗ್ ಅನ್ನುತ್ತಾರೆ. ಅವು ಸವೆದರೆ ಒಳಗೆ ಹಳೆಯ ಹಿತ್ತಾಳೆ ಚೊಂಬಿನ ಬಣ್ಣವೋ ತಾಮ್ರದ ಕೆಂಪೋ ಕಾಣುತ್ತದೆ, ಸಂದಿನಲ್ಲಿ ಹಸಿರು ಕಿಲುಬು ಕೂರುತ್ತದೆ. ಇದು ಹಾಗಿರಲಿಲ್ಲ. ಸವೆದ ಕಡೆ ಬಿಳುಪು, ಸಂದಿನಲ್ಲಿ ಕಪ್ಪು. ಅತ್ತೆ ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ಇದೆ. ಸೋಮವಾರ ಸೋಮವಾರ ವಿಭೂತಿ ಹಾಕಿ ಉಜ್ಜುತ್ತಾರೆ, ಆದರೂ ಅದರ ಮುಚ್ಚಳದ ಅಂಚಿನಲ್ಲಿ ಕಪ್ಪು ಉಳಿದಿರುತ್ತದೆ. ಅದೇ ಕಪ್ಪು, ಅದೇ ಬಿಳುಪು. ಸರ ಬೆಳ್ಳಿಯದು, ಮೇಲೆ ಮಾತ್ರ ಚಿನ್ನದ ನೀರು ಎಂದು ನನಗೆ ಆಗಲೇ ಅನ್ನಿಸಿತು.

ಯಜಮಾನರು ಹಿತ್ತಲಲ್ಲಿ ಔಷಧಿ ಹೊಡೆಯುವ ಪಂಪು ಬಿಚ್ಚಿ ಕೂತಿದ್ದರು. ಹೋಗಿ ಮೆಲ್ಲಗೆ ಹೇಳಿದೆ.

"ಅತ್ತೆ ಸರ ಚಿನ್ನದ್ದಲ್ಲ ಅನ್ಸುತ್ತೆ ಕಣ್ರಿ. ಬೆಳ್ಳಿ ಕಂಡಂಗಾಯ್ತು."

ಅವರು ತಲೆ ಎತ್ತಲಿಲ್ಲ. ವಾಷರು ಕೂರಿಸುತ್ತಲೇ ಅಂದರು: "ಬೀರು ಬೀಗದ ಕೈ ನಿನ್ನತ್ರ ತಾನೇ ಇರದು?"

ಅಷ್ಟೇ. ಬೇಕೆಂದು ಅಂದರೋ, ಬಾಯಿಗೆ ಬಂದದ್ದನ್ನು ಅಂದರೋ ನಾನು ಕೇಳಲಿಲ್ಲ. ಒಳಗೆ ಬಂದು ಮೆಷಿನ್ನಿನ ಮುಂದೆ ಕೂತೆ. ಆ ದಿನ ಒಂದು ರವಿಕೆಗೆ ಎಡತೋಳನ್ನು ಬಲಕ್ಕೆ ಇಟ್ಟು ಹೊಲಿದುಬಿಟ್ಟೆ. ಬಿಚ್ಚಿ ಮತ್ತೆ ಹೊಲಿದರೂ ಸರಿಯಾಗಲಿಲ್ಲ.

ಮಾತು ನಿಜವೇ ಆಗಿತ್ತು. ಮಾವ ಹೋದ ಮೇಲೆ, ಅದಕ್ಕೂ ಮೊದಲಿನಿಂದಲೂ, ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ನಾಳೆ ಬೀಗರ ಮನೆಯಲ್ಲಿ ಯಾರಾದರೂ ಸರವನ್ನು ಉಜ್ಜಿ ನೋಡಿದರೆ, ಅಸಲಿ ಎಲ್ಲಿ ಹೋಯಿತು ಎಂದು ಎಲ್ಲರೂ ತಿರುಗಿ ನೋಡುವುದು ನನ್ನನ್ನೇ. ಸುಮ್ಮನಿದ್ದರೂ ಕಷ್ಟ, ಹೇಳಿದರೂ ಕಷ್ಟ. ದಿನಕ್ಕೆ ಎಷ್ಟು ಸಲ ಬೀರು ತೆಗೆದು ನೋಡುತ್ತಿದ್ದೆನೋ. ನೋಡಿದರೆ ಬದಲಾಗುವ ವಸ್ತುವೇ ಅದು? ಅತ್ತೆ ಒಂದು ಸಲ, "ಅದೇನ್ ಅಷ್ಟೊಂದ್ ಸತಿ ತೆಗೀತಿದ್ದಯೆ?" ಎಂದು ಕೇಳಿಯೂಬಿಟ್ಟರು. ಸೀರೆ ಹುಡುಕುತ್ತಿದ್ದೇನೆ ಎಂದೆ. ಅಂದ ಮೇಲೆ ಸೀರೆಯೊಂದನ್ನು ತೆಗೆದುಕೊಂಡೇ ಹೊರಬರಬೇಕಾಯಿತು.

ಅಷ್ಟರಲ್ಲಿ ನಾದಿನಿಯ ಪಾರ್ಸೆಲ್ಲು ಬಂತು. ಮದುವೆಗೆಂದು ಆನ್‌ಲೈನಿನಲ್ಲಿ ಜುಮುಕಿ ತರಿಸಿದ್ದಳು. ಕೊಳ್ಳೇಗಾಲದಲ್ಲಿ ಬಿ.ಎಡ್. ಮುಗಿಸಿದ ಹುಡುಗಿ, ಎಲ್ಲವನ್ನೂ ಫೋನಿನಲ್ಲಿ ನೋಡಿಯೇ ಕೊಳ್ಳುವವಳು.

"ಬೆಳ್ಳಿ ಮೇಲೆ ಚಿನ್ನದ ನೀರು ಅತ್ತಿಗೆ. ಈಗ ಎಲ್ರೂ ಇದ್ನೇ ಆಕದು. ಇಲ್ನೋಡಿ, ಇಂದ್ಗಡೆ 925 ಅಂತ ಒತ್ತವ್ರೆ."

ಜುಮುಕಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಒಳಗೂ ಹೊರಗೂ, ಮೂಲೆಗೂ ಮುಂದಕ್ಕೂ ಒಂದೇ ಬಣ್ಣ. ಅತ್ತೆಯ ಸರದಲ್ಲಿ ಮುದ್ರೆ ಇರಲಿಲ್ಲ, ಬಣ್ಣವೂ ಹೀಗೆ ಒಂದೇ ಸಮ ಇರಲಿಲ್ಲ. ಸವೆದ ಗುಂಡುಗಳ ತೂತಿನ ಹತ್ತಿರ ಎರಡು ಬಗೆಯ ಹಳದಿ ಕಂಡ ಹಾಗಿತ್ತು, ಒಂದು ಎಳೆಯದು, ಒಂದು ಮಾಗಿದ್ದು. ನನ್ನ ಕಣ್ಣೇ ಮೋಸ ಮಾಡುತ್ತಿದೆಯೋ ಏನೋ ತಿಳಿಯಲಿಲ್ಲ. ಫೋನಿನಲ್ಲಿ ಹುಡುಕಿದರೆ ಒಬ್ಬ ಅಯಸ್ಕಾಂತ ಹಿಡಿಯಿರಿ ಅನ್ನುತ್ತಾನೆ, ಇನ್ನೊಬ್ಬ ವಿನೆಗರ್ ಹಾಕಿ ಅನ್ನುತ್ತಾನೆ. ಅಯಸ್ಕಾಂತಕ್ಕೆ ಚಿನ್ನವೂ ಅಂಟುವುದಿಲ್ಲ, ಬೆಳ್ಳಿಯೂ ಅಂಟುವುದಿಲ್ಲ, ಹಿತ್ತಾಳೆಯೂ ಅಂಟುವುದಿಲ್ಲ. ಅದರಿಂದ ನನಗೇನು ಬಂತು? ಯಾವತ್ತು ಹಾಕಿದ ಲೇಪ ಎಂದು ತಿಳಿಯುವುದೇ ನನಗೆ ಮುಖ್ಯವಾಗಿತ್ತು. ಹಳೆಯದಾದರೆ ನಾನು ಉಳಿದೆ, ಹೊಸದಾದರೆ ಮುಳುಗಿದೆ.

ಕೊಂಡಿ ಸಡಿಲವಾಗಿದೆ, ಬಿಗಿ ಮಾಡಿಸಿಕೊಂಡು ಬರುತ್ತೇನೆ ಎಂದು ಅತ್ತೆಗೆ ಹೇಳಿ, ಸರವನ್ನು ಟಿಫನ್ ಡಬ್ಬಿಯಲ್ಲಿಟ್ಟು ಕೊಳ್ಳೇಗಾಲದ ಬಸ್ಸು ಹತ್ತಿದೆ.

ಚಿನ್ನ ಪರೀಕ್ಷೆ ಮಾಡುವ ಅಂಗಡಿಯೊಂದು ಅಲ್ಲಿತ್ತು. ಮುಂದೆ ಕಪ್ಪು ಗಾಜಿನ ಬಾಗಿಲು, ಎ.ಸಿ., ಮೆಷಿನ್ನು, ಹಿಂದೆ ಲೇಪ ಹಾಕುವ ತೊಟ್ಟಿಗಳು. ಮಾಲೀಕರು ಐದು ಬೆರಳಿಗೂ ಉಂಗುರ ಹಾಕಿದ ದೊಡ್ಡ ಆಳು, ಮಾತು ಶುರುಮಾಡಿದರೆ ನಿಲ್ಲಿಸದವರು. ಸರವನ್ನು ಮೆಷಿನ್ನಿನೊಳಗೆ ಇಟ್ಟು ಮುಚ್ಚಿದರು. ಪರದೆಯ ಮೇಲೆ ಹೆಸರುಗಳು ಮೂಡಿದವು. ಚಿನ್ನ ಇತ್ತು, ಬೆಳ್ಳಿ ಇತ್ತು, ನಿಕ್ಕಲ್ ಇತ್ತು. ಕೊನೆಯಲ್ಲಿ ಇನ್ನೊಂದು ಇತ್ತು. ಅದನ್ನು ನೋಡಿ ಅವರು ಹುಬ್ಬೇರಿಸಿದರು.

"ಪಾದರಸ ತೋರಿಸ್ತಾ ಅದೆ. ಎಲ್ಲಿಂದು ಕಣಮ್ಮ ಇದು?"

"ನಮ್ಮತ್ತೇದು. ಅವರ ಮದ್ವೆದು."

ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೊಂದೇ ಗುಂಡನ್ನು ಉರುಳಿಸಿ ನೋಡಿದರು. ಕುರ್ಚಿ ಕೊಟ್ಟರೂ ಕೂರಲಾಗಲಿಲ್ಲ.

"ಇದ್ರ ಮೇಲೆ ಎರಡು ಲೇಪ ಅದೆ," ಎಂದರು. "ಮೇಲಿಂದು ಕರೆಂಟಿನದು. ತೊಟ್ಟಿ ನೀರಲ್ಲಿ ಮುಳುಗ್ಸಿ ಕರೆಂಟು ಕೊಡದು, ನಮ್ಮ ಹಿಂದ್ಗಡೆ ಮಾಡ್ತಾರಲ್ಲ, ಅದೇ. ನೀರು ಓದ ಕಡೆ ಎಲ್ಲಾ ಒಂದೇ ಸಮ ಬಣ್ಣ ಇಡೀತದೆ, ತೂತಿನ ಬಾಯಿಗೂ ಇಡೀತದೆ. ಹೊಳೀಲಿ ಅಂತ ಅಡೀಲಿ ನಿಕ್ಕಲ್ ಕೊಟ್ಟವ್ರೆ. ಸವೆದ್ರೆ ಈರುಳ್ಳಿ ಸಿಪ್ಪೆ ತರ ಅಂಚು ಕಟ್ಕಂಡು ಏಳ್ತದೆ. ಕಾಣ್ತಾ?"

ಭೂತಗನ್ನಡಿ ನನಗೆ ಕೊಟ್ಟರು. ಕಂಡಿತು. ಹಳದಿ ಸಿಪ್ಪೆ, ಅದರಡಿ ಉಕ್ಕಿನಂಥ ಬೂದು.

"ಅದ್ರಡೀಲಿ ನೋಡಿ, ಇನ್ನೊಂದು ಚಿನ್ನ. ಇದಕ್ಕೆ ಅಂಚಿಲ್ಲ. ಬರ್ತಾ ಬರ್ತಾ ತೆಳ್ಳಗಾಗಿ ಬೆಳ್ಳಿ ಒಳಗೇ ಕರಗಿದಂಗದೆ. ಇದು ಬೆಂಕಿ ಕೆಲ್ಸ. ಪಾದರಸದಲ್ಲಿ ಚಿನ್ನ ಅರೆದು, ಬೆಣ್ಣೆ ತರ ಬೆಳ್ಳಿಗೆ ಸವರಿ ಕೆಂಡದ ಮೇಲೆ ಇಡದು. ಪಾದರಸ ಹೊಗೆಯಾಗಿ ಓಗ್ತದೆ, ಚಿನ್ನ ಕಚ್ಕೊಳ್ತದೆ. ಸವರಿದ ಕಡೆ ದಪ್ಪ, ಮಿಕ್ಕಿದ ಕಡೆ ಇಲ್ಲ. ನಮ್ ತಾತ ಮಾಡ್ತಿದ್ರು. ಆ ಹೊಗೆ ಕುಡ್ದು ಕುಡ್ದು ಕೊನೆಗೆ ಲೋಟ ಹಿಡಿಯಕ್ಕಾಗ್ದಂಗೆ ಕೈ ನಡುಗ್ತಿತ್ತು. ಈಗ ಈ ಕಡೆ ಯಾರೂ ಮಾಡಲ್ಲ."

"ಎಷ್ಟು ಹಳೇದು ಅಂತ ಹೇಳಕ್ಕಾಗುತ್ತಾ?"

"ವರ್ಷ ಹೇಳಕ್ಕಾಗಲ್ಲ. ನೀವು ಹುಟ್ಟೋಕೆ ಮೊದಲಿಂದೇ ಇರಬೇಕು. ಒಂದು ಗುಂಡು ಕುಯ್ದು ನೋಡ್ಲಾ?"

ಬೇಡವೆಂದೆ. ಆಗ ಕುರ್ಚಿಯಲ್ಲಿ ಕೂತೆ. ಸರ ಮೊದಲಿನಿಂದಲೂ ಬೆಳ್ಳಿಯದೇ. ಯಾರೂ ಬದಲಾಯಿಸಿಲ್ಲ. ಆದರೆ ಆ ನೆಮ್ಮದಿ ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಉಳಿಯಲಿಲ್ಲ.

"ಮೇಲಿನ ಲೇಪ?" ಎಂದೆ.

"ಅದು ಈಚೆಗಿನದು. ನಾಕೈದು ವರ್ಷ ಆಗಿರಬೋದು, ಅಷ್ಟೂ ಇಲ್ದೆ ಇರಬೋದು."

ಅಂದರೆ ಯಾರೋ ಇದನ್ನು ಈಚೆಗೆ ಅಂಗಡಿಗೆ ಒಯ್ದಿದ್ದಾರೆ. ಒಯ್ದವರಿಗೆ ಇದು ಬೆಳ್ಳಿ ಎಂದು ಗೊತ್ತಾಗಿದೆ. ಗೊತ್ತಾಗಿಯೂ ಬಾಯಿ ಬಿಟ್ಟಿಲ್ಲ. ಬೀರುವಿನ ಬೀಗದ ಕೈ ಆಗಲೂ ನನ್ನ ಹತ್ತಿರವೇ ಇತ್ತು.

ಬಸ್ ಸ್ಟ್ಯಾಂಡಿನಲ್ಲಿ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತೆ. ಹನೂರಿನ ಬಸ್ಸು ಬಂತು, ಹತ್ತಲಿಲ್ಲ. ಈ ಸರ ಯಾವಾಗ ಮನೆ ಬಿಟ್ಟು ಹೊರಗೆ ಹೋಗಿತ್ತು ಎಂದು ಒಂದೊಂದೇ ಹಬ್ಬ, ಒಂದೊಂದೇ ಮದುವೆ ಹಿಡಿದು ಹಿಂದೆ ಹಿಂದೆ ಹೋದೆ. ಆಗ ನೆನಪಾಯಿತು. ಯಳಂದೂರಿನಲ್ಲಿರುವ ಅತ್ತೆಯ ತಂಗಿ, ನನಗೆ ಚಿಕ್ಕತ್ತೆ, ತಮ್ಮ ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಅವಳಿಗೆ ಹಾಕಬೇಕೆಂದು ಸರವನ್ನು ಕೇಳಿ ಒಯ್ದಿದ್ದರು. ಹಿಂದಕ್ಕೆ ತಂದುಕೊಟ್ಟದ್ದು ಬಹಳ ದಿನ ಆದ ಮೇಲೆ. ತಂದಾಗ ಸರ ಫಳಫಳ ಹೊಳೆಯುತ್ತಿತ್ತು. "ತೊಳ್ಸಿದೆ ಅಕ್ಕ" ಎಂದಿದ್ದರು. ಅತ್ತೆ ಖುಷಿಪಟ್ಟಿದ್ದರು.

ಯಳಂದೂರಿನ ಬಸ್ಸು ಹತ್ತಿದೆ. ಕಿಟಕಿಯಾಚೆ ಹಿಪ್ಪುನೇರಳೆ ತೋಟ, ತೆಂಗು, ದೂರದಲ್ಲಿ ಬಿಳಿಗಿರಿರಂಗನ ಬೆಟ್ಟದ ನೀಲಿ ಸಾಲು. ನನಗೆ ಯಾವುದೂ ಕಣ್ಣಿಗೆ ನಿಲ್ಲಲಿಲ್ಲ. ಏನೆಂದು ಕೇಳುವುದು, ಹೇಗೆ ಕೇಳುವುದು ಎಂದು ಬಾಯೊಳಗೇ ಮಾತು ಕಟ್ಟುವುದು, ಒಡೆಯುವುದು.

ಚಿಕ್ಕತ್ತೆ ಪಡಸಾಲೆಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. "ಬಾ ಮಗ, ಅಕ್ಕ ಉಸಾರಾಗವ್ಳಾ?" ಎಂದರು. ನಾನು ಕಟ್ಟಿಟ್ಟ ಮಾತೆಲ್ಲ ಮರೆತು ಡಬ್ಬಿಯ ಮುಚ್ಚಳ ತೆಗೆದು ಮುಂದಿಟ್ಟೆ. ಅವರ ಕೈಯಲ್ಲಿದ್ದ ಕೊಡತಿ ಅಲ್ಲೇ ನಿಂತಿತು.

"ಗೊತ್ತಾಯ್ತಾ?" ಎಂದರು.

"ನನಗೆ ಗೊತ್ತಾಯ್ತು. ಅತ್ತೆಗೆ ಇನ್ನೂ ಇಲ್ಲ."

ಅವರು ಎದ್ದು ಹೋಗಿ ಬಾಗಿಲು ಮುಂದಕ್ಕೆ ಮಾಡಿ ಬಂದು ಕೂತರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದರು, ಹುಣಸೆಯ ಅಂಟು ಹೋಗಲೇ ಇಲ್ಲ.

"ಅಕ್ಕ ಕೇಳಿದ್ ತಕ್ಷಣ ಕೊಟ್ಲಲ್ಲ, ಪಾಲೀಸ್ ಆಕ್ಸಿ ಕೊಡವ ಅಂತ ಮೈಸೂರ್ಗೆ ತಕಂಡೋದೆ. ಅಂಗ್ಡಿಯವ ಉಜ್ಜಿ ನೋಡಿ, ಇದು ಬೆಳ್ಳಿ ಕಣಮ್ಮ ಅಂದ. ನನ್ ಕೊಳ್ಳಲ್ಲಿ ನಂದೂ ಇತ್ತು. ಒಂದೇ ತರದ್ದು, ಅವ್ವ ಇಬ್ರಿಗೂ ಒಂದೇ ಅಚ್ಚಲ್ಲಿ ಮಾಡ್ಸಿದ್ಲು. ಅದ್ನೂ ಬಿಚ್ಚಿ ಕೊಟ್ಟೆ, ಇದೂ ಅಂಗೇ ಇರಬೇಕು ನೋಡಪ್ಪ ಅಂತ. ಅದು ಚಿನ್ನ ಅಂದ."

ಚೆಲ್ಲಿದ್ದ ಹುಣಸೆ ಬೀಜಗಳನ್ನು ಒಂದು ಕಡೆ ಗುಡ್ಡೆ ಮಾಡಿದರು.

"ಅಲ್ಲೇ ಬಾಯಾರ್ಕೆ ಆಗೋಯ್ತು ನಂಗೆ. ಅವ್ವ ಯಾಕಿಂಗ್ ಮಾಡುದ್ಲು? ಇಬ್ರೂ ಅವಳ ಮಕ್ಳೇ ತಾನೆ? ಸವೆದಿರದು ಕಾಣ್ದಂಗೆ ಬಣ್ಣ ಕೊಟ್ಬುಡಪ್ಪ ಅಂದೆ. ಅಕ್ಕಂಗ್ ಯಾವ ಬಾಯಲ್ಲಿ ಏಳದು? ಅವಳ್ಗೆ ಗೊತ್ತಾದ್ರೆ ಸತ್ತಿರೋ ಅವ್ವನ್ನ ಬೈಕತಾಳೆ. ನನ್ನ ಮೊಕ ನೋಡಾಳಾ?"

ಅತ್ತೆಯ ಕೊರಳನ್ನು ಇಷ್ಟು ದಿನ ಸುಟ್ಟದ್ದು ಆ ಬಣ್ಣವೇ ಎಂದು ನಾನು ಹೇಳಿದೆ. ಚಿಕ್ಕತ್ತೆ ತಲೆ ತಗ್ಗಿಸಿದರು. ಆಮೇಲೆ ಒಳಗೆ ಹೋಗಿ ತಮ್ಮ ಸರ ತಂದು ನನ್ನ ಮಡಿಲಿಗೆ ಹಾಕಿದರು.

"ಇದ್ನ ತಕಂಡೋಗಿ ಬೀರ್‌ವಲ್ಲಿ ಮಡ್ಗು. ಅದ್ನ ನಂಗೆ ಕೊಡು. ಮದ್ವೆ ಅಚ್ಚುಕಟ್ಟಾಗಿ ಆಗೋಗ್ಲಿ. ಅಕ್ಕಂಗೆ ಎಲ್ ಗೊತ್ತಾದದು?"

ಎರಡನ್ನೂ ಎರಡು ಕೈಯಲ್ಲಿ ಹಿಡಿದೆ. ಕಣ್ಣಿಗೆ ಒಂದೇ, ಕೈಗೆ ಬೇರೆ. ಚಿಕ್ಕತ್ತೆಯ ಸರ ಅಂಗೈಯಲ್ಲಿ ಒಂದು ಥರ ಕೆಳಗೆ ಜಗ್ಗುತ್ತಿತ್ತು. ಬೇಡ ಎಂದೆ. ಅವರು ಕೇಳಲಿಲ್ಲ. ಅಳುತ್ತ ನನ್ನ ಬ್ಯಾಗಿಗೆ ಎರಡನ್ನೂ ತುರುಕಿದರು.

ಆ ದಾರಿಯನ್ನು ನಾನು ಹೇಗೆ ಕಳೆದೆನೋ. ಯಳಂದೂರಿನಿಂದ ಕೊಳ್ಳೇಗಾಲ, ಅಲ್ಲಿಂದ ಹನೂರು. ಎರಡು ಬಸ್ಸಿನಲ್ಲೂ ಸೀಟು ಸಿಕ್ಕಿತು, ಎರಡರಲ್ಲೂ ಅಂಚಿಗೆ ಕೂತೆ. ಬದಲಾಯಿಸಿ ಇಟ್ಟುಬಿಟ್ಟರೆ ಯಾರಿಗೂ ನೋವಿಲ್ಲ ಎಂದು ಒಂದು ಮನಸ್ಸು. ಇನ್ನೊಂದು ಮನಸ್ಸು ಯಜಮಾನರು ಆಡಿದ ಮಾತನ್ನೇ ಹಿಡಿದು ಕೂತಿತ್ತು. ಇಲ್ಲಿಯವರೆಗೆ ನಾನು ಬೀರುವಿನ ಒಡವೆ ಮುಟ್ಟಿದವಳಲ್ಲ. ಈಗ ನಿಜವಾಗಿಯೂ ಅದಲುಬದಲು ಮಾಡಿದವಳಾಗುತ್ತೇನೆ. ಕೊಟ್ಟದ್ದು ಚಿನ್ನವೇ ಆದರೂ, ಕೇಳದೆ ಬದಲಾಯಿಸಿದ್ದು ಬದಲಾಯಿಸಿದ್ದೇ.

ಯಜಮಾನರು ಹೊಲದಿಂದ ಬರುವವರೆಗೆ ಕಾದೆ. ನಾದಿನಿಯನ್ನೂ ಕರೆದೆ. ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು. ಎರಡು ಸರವನ್ನೂ ಅವರ ಮುಂದೆ ಟವೆಲ್ಲಿನ ಮೇಲೆ ಇಟ್ಟು, ಡಾಕ್ಟರ ಮಾತಿನಿಂದ ಹಿಡಿದು ಚಿಕ್ಕತ್ತೆಯ ಮಾತಿನವರೆಗೆ ಎಲ್ಲವನ್ನೂ ಹೇಳಿದೆ.

ಅತ್ತೆ ಒಂದನ್ನು ಎತ್ತಿದರು, ಇಟ್ಟರು. ಇನ್ನೊಂದನ್ನು ಎತ್ತಿದರು, ಇಟ್ಟರು.

"ಅವಳ್ಗೆ ಆಗ್ಲಿಂದ್ಲೂ ಗೊತ್ತಿತ್ತಾ?" ಎಂದರು.

"ಊಂ."

"ನಿಮ್ಮಾವ ತೀರ್ಕಂಡಾಗ ಬಂದು ಅದಿನೈದು ದಿನ ನನ್ ಪಕ್ಕದಲ್ಲೇ ಮನಗಿದ್ಲಲ್ಲ. ಆಗ್ಲೂ ಗೊತ್ತಿತ್ತು."

ಯಜಮಾನರು ಎದ್ದು ಅಂಗಳಕ್ಕೆ ಇಳಿದರು. ನಾನು ನೀರು ಕೊಡಲು ಹೋದಾಗ, "ಅವತ್ತು ನಾನ್ ಅಂಗಂದಿದ್ದು..." ಎಂದು ನಿಲ್ಲಿಸಿದರು. ಮುಂದಿನದನ್ನು ಹೇಳಲಿ ಎಂದು ನಾನು ನಿಂತೇ ಇದ್ದೆ. ಅವರು ನೀರು ಕುಡಿದು ಚೊಂಬು ಕೊಟ್ಟರು. "ತಪ್ಪಾಯ್ತು ಬುಡು" ಎಂದರು, ನನ್ನ ಕಡೆ ನೋಡದೆ. ಅದು ಸಾಕಾಗಲಿಲ್ಲ ನನಗೆ. ಆದರೆ ಅದಕ್ಕಿಂತ ಹೆಚ್ಚು ಅವರ ಬಾಯಲ್ಲಿ ಬರುವುದಿಲ್ಲ ಎಂದೂ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಅತ್ತೆ ಎರಡೂ ಸರವನ್ನು ಸೆರಗಿಗೆ ಕಟ್ಟಿಕೊಂಡು, ಮುದ್ದೆ ಮುಟ್ಟದೆ ಬಸ್ ಸ್ಟ್ಯಾಂಡಿಗೆ ನಡೆದರು. ನಾನು ಅಂಗಡಿಗೆ ಬೀಗ ಹಾಕಿ ಹಿಂದೆ ಓಡಿದೆ.

ಯಳಂದೂರಿನಲ್ಲಿ ತಂಗಿ ಚಾಪೆ ಹಾಸಿದರೆ ಅಕ್ಕ ಕೂರಲಿಲ್ಲ. ನಿಂತುಕೊಂಡೇ ಕೇಳಿದರು:

"ಅವ್ವ ಮಾಡಿದ್ದು ಆಮೇಕಿರ್ಲಿ. ನೀನ್ಯಾಕೆ ಏಳ್ನಿಲ್ಲ?"

"ನಂದು ಚಿನ್ನ, ನಿಂದು ಬೆಳ್ಳಿ ಅಂತ ಎಂಗಕ್ಕ ಏಳದು?"

"ಅಂಗೇ ಏಳ್ಬೇಕಾಗಿತ್ತು. ನಾನು ಬೀಗ್ರ ಮುಂದೆ ಎತ್ತಿ ತೋರ್ಸ್‌ಬುಟ್ಟೆ."

ಇಬ್ಬರೂ ಅತ್ತರು. ಅತ್ತೆ ನಿಂತೇ ಅತ್ತರು. ಆಮೇಲೆ ಗೋಡೆಗೆ ಒರಗಿ ಕೂತರು. ನಾನು ಅಡುಗೆಮನೆಗೆ ಹೋಗಿ ಕಾಫಿ ಕಾಯಿಸಿ ತಂದೆ. ಅಷ್ಟರಲ್ಲಿ ಮಾತು ತವರಿನ ಕಡೆಗೆ ತಿರುಗಿತ್ತು. ಅದು ಅಲ್ಲೇ ಪಕ್ಕದ ಹಳ್ಳಿ. ಅತ್ತೆಯ ಮದುವೆಯ ಹೊತ್ತಿಗೆ ಅವರಪ್ಪ ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಮಲಗಿದ್ದರಂತೆ. ಸರ ಹಾಕುತ್ತೇವೆಂದು ಹನೂರಿನವರಿಗೆ ಮೊದಲೇ ಮಾತು ಕೊಟ್ಟಾಗಿತ್ತು. ಅವ್ವ ಒಬ್ಬಳೇ ಓಡಾಡಿ ಮದುವೆ ನಿಲ್ಲದ ಹಾಗೆ ನೋಡಿಕೊಂಡಳು. ಎಲ್ಲಿ, ಯಾರ ಕೈಯಲ್ಲಿ ಆ ಸರ ಮಾಡಿಸಿದಳೋ ಇವರಿಬ್ಬರಿಗೂ ತಿಳಿಯದು. ಆಮೇಲಿನ ವರ್ಷಗಳಲ್ಲಿ ಅಪ್ಪ ಎದ್ದು ಓಡಾಡಿದರು, ಅವರ ಬೆಲ್ಲದ ಆಲೆಮನೆ ಚೆನ್ನಾಗಿ ನಡೆದು ಕೈಯಲ್ಲಿ ದುಡ್ಡು ಆಡಿತು.

ಅತ್ತೆ ಕಾಫಿ ಲೋಟವನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಅಂದರು:

"ನಾನ್ ಅಬ್ಬಕ್ಕೆ ಬಂದಾಗೆಲ್ಲ ಅವ್ವ ಕೇಳವ್ಳು. ಸರ ಬುಟ್ಟೋಗು ಮಗ, ತೊಳ್ಸಿ ಮಡ್ಗಿರ್ತೀನಿ, ಮುಂದ್ಲ ಅಬ್ಬಕ್ಕೆ ತಕಂಡೋಗುವೆ ಅನ್ನವ್ಳು. ನಾನು ಬುಡ್ತಿರ್ನಿಲ್ಲ. ಬರಿ ಕೊಳ್ಳಲ್ಲಿ ಓದ್ರೆ ನಮ್ಮತ್ತೆ ಏನಾರ ಅಂದ್ಕತಾರೆ ಅಂತ."

ಚಿಕ್ಕತ್ತೆ ಅಕ್ಕನ ಮುಖ ನೋಡಿದರು.

"ನನ್ನ ಸರನ ಅವ್ವ ನನ್ ಮದ್ವೆ ಗೊತ್ತಾಗಕೂ ಮುಂಚೇನೆ ಮಾಡ್ಸಿದ್ಲು. ನಾನಿನ್ನೂ ಲಂಗ ಆಕ್ತಿದ್ದೆ. ಈಗ್ಲೇ ಯಾಕವ್ವ ಅಂದ್ರೆ ಬಾಯಿ ಬುಡ್ಲಿಲ್ಲ. ಅಚ್ಚು ಮಾತ್ರ ನಿನ್ ಸರದ್ದೇ ಬೇಕು ಅಂತ ಆಚಾರಿ ತಾವ ಜಗಳ ಆಡ್ಕಂಡು ಮಾಡ್ಸಿದ್ಲು."

ಆ ಸರ ಯಾರಿಗೆಂದು ಮಾಡಿಸಿದ್ದು ಎಂಬ ಪ್ರಶ್ನೆಯನ್ನು ಇಬ್ಬರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ಉತ್ತರ ಹೇಳುವವರೂ ಇರಲಿಲ್ಲ. ಚಿಕ್ಕತ್ತೆ ತಮ್ಮ ಸರವನ್ನು ಅಕ್ಕನ ಕಡೆ ತಳ್ಳಿದರು. ಅತ್ತೆ ಹಿಂದಕ್ಕೆ ತಳ್ಳಿದರು. ಮತ್ತೆ ಇತ್ತ ಬಂತು, ಮತ್ತೆ ಅತ್ತ ಹೋಯಿತು. ಕೊನೆಗೆ ಅತ್ತೆ ಅದನ್ನು ತೆಗೆದು ತಂಗಿಯ ಕೊರಳಿಗೆ ಹಾಕಿ, ಕೊಂಡಿ ಸಿಕ್ಕಿಸಿ, "ಇಷ್ಟು ದಿನ ಇಲ್ಲೇ ಇತ್ತು, ಇಲ್ಲೇ ಇರ್ಲಿ ಬುಡು" ಎಂದರು. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಊಟಕ್ಕೆ ಎಷ್ಟು ಕರೆದರೂ ನಿಲ್ಲಲಿಲ್ಲ.

ಕೊಳ್ಳೇಗಾಲದಲ್ಲಿ ಬಸ್ಸಿಳಿದ ಮೇಲೆ ಹನೂರಿನ ಬಸ್ಸಿಗೆ ಹೋಗುವ ಬದಲು ಅತ್ತೆ ಬೀಗರ ಮನೆಯ ದಾರಿ ಹಿಡಿದರು. ನಾಳೆ ಯಜಮಾನರ ಜೊತೆ ಬಂದು ಹೇಳೋಣ ಎಂದು ನಾನು ಸೆರಗು ಹಿಡಿದು ಎಳೆದಷ್ಟೂ ಅವರು ಬಿರಬಿರನೆ ನಡೆದರು. ಬಾಗಿಲಲ್ಲಿ ಬೀಗಿತ್ತಿಯನ್ನು ಕಂಡೊಡನೆ, ಚಪ್ಪಲಿ ಬಿಡುತ್ತಲೇ ಹೇಳಿದರು:

"ಅವತ್ತು ನಾನು ಚಿನ್ನ ಅಂತ ತೋರಿಸಿದ್ನಲ್ಲವ್ವ, ಅದು ಬೆಳ್ಳಿ. ನಂಗೂ ನೆನ್ನೆ ಗೊತ್ತಾಯ್ತು. ನಿಮ್ ಕಿವಿಗೆ ಬೇರೆಯವ್ರಿಂದ ಬೀಳದು ಬ್ಯಾಡ ಅಂತ ಬಂದೆ."

ಬೀಗಿತ್ತಿ ಒಳಗೆ ಕರೆದು ಮಜ್ಜಿಗೆ ಕೊಟ್ಟರು. "ಅದಕ್ಕೇನಂತೆ" ಎಂದರು. ಆದರೆ ಆ ಮಾತಿಗೂ ಮುಖಕ್ಕೂ ತಾಳೆಯಾಗಲಿಲ್ಲ. ಮದುವೆಯವರೆಗೂ ಅವರ ಕಡೆಯಿಂದ ಫೋನು ಬಂದರೆ ನಾನು ಮೆಷಿನ್ನು ನಿಲ್ಲಿಸಿ ಕಿವಿಗೊಡುತ್ತಿದ್ದೆ. ಕೆಟ್ಟ ಮಾತೇನೂ ಬರಲಿಲ್ಲ. ಮೊದಲಿದ್ದ ಸಲಿಗೆ ಮಾತ್ರ ಸ್ವಲ್ಪ ಕಡಿಮೆಯಾಯಿತು.

ಅಲ್ಲಿಂದ ಹೊರಟು ಉಂಗುರದ ಮಾಲೀಕರ ಅಂಗಡಿಗೂ ಹೋದೆವು. ನವೆ ಮಾಡುವ ಲೇಪ ತೆಗೆಯಲು ಆಗುತ್ತದೆಯೇ ಎಂದು ಅತ್ತೆ ಕೇಳಿದರು. ನಿಕ್ಕಲ್ ಕರಗಿಸಿದರೆ ಅದರ ಮೇಲಿನ ಬಣ್ಣ ತಾನೇ ಉದುರುತ್ತದೆ, ಅಡಿಯ ಹಳೆಯ ಚಿನ್ನ ಅಲ್ಲಲ್ಲಿ ಮಾತ್ರ ಉಳಿದೀತು ಎಂದರು ಅವರು. ನಿಕ್ಕಲ್ ಇಲ್ಲದೆ ಬೆಳ್ಳಿಯ ಮೇಲೆ ನೇರವಾಗಿ ದಪ್ಪಗೆ ಚಿನ್ನ ಕೊಡುವುದೂ ಉಂಟು, ಹಾಗೆ ಮಾಡಲೇ ಎಂದರು. ಅದು ಬೇಡ, ಲೇಪ ತೆಗೆದುಕೊಟ್ಟರೆ ಸಾಕು ಎಂದರು ಅತ್ತೆ. ಆಮೇಲೆ ಕೈಯಲ್ಲಿದ್ದ ಎರಡು ಬಳೆ ತಿರುಚಿ ತೆಗೆದು, "ಇವು ನಮ್ಮತ್ತೆ ಕೊಟ್ಟಿದ್ದು. ಇವನ್ನೂ ಆ ಮಿಸಿನ್ಗೆ ಮಡ್ಗಪ್ಪ" ಎಂದು ಮೆಷಿನ್ನಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತರು. ಚಿನ್ನವೇ ಎಂದು ಪರದೆ ಹೇಳುವವರೆಗೆ ಕಣ್ಣು ಮಿಟುಕಿಸಲಿಲ್ಲ.

ಮದುವೆಯಲ್ಲಿ ನಾದಿನಿಗೆ ಆ ಬಳೆಗಳನ್ನೇ ತೊಡಿಸಿದೆವು. ಅವಳು ತನ್ನ ಜುಮುಕಿಯನ್ನೇ ಹಾಕಿಕೊಂಡಳು. ಗುಂಡಿನ ಸರವನ್ನೂ ಕೇಳಿದಳು, ಈಗ ಇಂಥದ್ದಕ್ಕೇ ಬೆಲೆ ಎಂದಳು. "ಇದು ನಂದು" ಎಂದು ಅತ್ತೆ ಕೊಡಲಿಲ್ಲ. ತಾವೇ ಹಾಕಿಕೊಂಡು ಬಂದರು. ಗುಂಡುಗಳ ಮೈ ಬೆಳ್ಳಗೆ, ಪದಕದ ಎಲೆಯ ನರಗಳ ಸಂದಿನಲ್ಲಿ ಮಾಗಿದ ಹಳದಿ. ಚಿನ್ನದ ಸರಗಳ ನಡುವೆ ಅದು ಎದ್ದು ಕಾಣುತ್ತಿತ್ತು. ಕೇಳಿದವರಿಗೆಲ್ಲ, "ಬೆಳ್ಳಿದು, ನಮ್ಮವ್ವ ಆಕಿದ್ದು" ಎಂದರು. ಚಿಕ್ಕತ್ತೆ ಆ ದಿನ ಬರಿಯ ತಾಳಿಯಲ್ಲೇ ಬಂದಿದ್ದರು. ಊಟದ ಪಂಕ್ತಿಯಲ್ಲಿ ಅತ್ತೆ ನನ್ನನ್ನು ಆಚೆ ಸರಿಸಿ ತಂಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡರು. "ಸರ ಯಾಕೆ ಆಕಂಡ್ಬರ್ನಿಲ್ಲ?" ಎಂದು ಗದರಿದ್ದೂ ಕೇಳಿಸಿತು. ಈಗ ಇಬ್ಬರೂ ಫೋನಿನಲ್ಲಿ ಮಾತಾಡುತ್ತಾರೆ. ಒಂದೊಂದು ದಿನ ಮಾತು ಚೆನ್ನಾಗಿ ಮುಗಿಯುತ್ತದೆ, ಒಂದೊಂದು ದಿನ ಅತ್ತೆ ನಡುವೆಯೇ ಫೋನು ಇಟ್ಟುಬಿಡುತ್ತಾರೆ.

ನನಗೆ ಮಾತ್ರ ಅವರ ತಾಯಿಯ ಯೋಚನೆ ಬಿಟ್ಟಿಲ್ಲ. ನಾನು ಆಕೆಯನ್ನು ನೋಡಿದವಳಲ್ಲ, ಮನೆಯಲ್ಲಿ ಫೋಟೋ ಕೂಡ ಇಲ್ಲ. ಕಾಜಾ ಹೊಲಿಯುತ್ತ ಕೂತಾಗ ಸುಮ್ಮನೆ ಕಣ್ಣ ಮುಂದೆ ಬರುತ್ತಾಳೆ. ಒಳಕೋಣೆಯ ಪೆಟ್ಟಿಗೆಯಲ್ಲಿ, ಬೆಳ್ಳಿಯದರ ಜಾಗಕ್ಕೆ ಇಡಲೆಂದು ಮಾಡಿಸಿದ ಚಿನ್ನದ ಸರ ಕಾದಿದೆ. ಹಬ್ಬಕ್ಕೆ ಬಂದ ದೊಡ್ಡ ಮಗಳು ಬೆಳ್ಳಿಯ ಸರವನ್ನು ಹಾಕಿಕೊಂಡೇ ಗಾಡಿ ಹತ್ತುತ್ತಾಳೆ. ಬಿಟ್ಟು ಹೋಗು ಎಂದು ಇನ್ನೊಂದು ಸಲ ಕೇಳಬೇಕು. ಜಾಸ್ತಿ ಕೇಳಿದರೆ ಮಗಳಿಗೆ ಅನುಮಾನ ಬರುತ್ತದೆ. ಆಕೆ ಬಾಗಿಲಲ್ಲಿ ನಿಂತು, "ಉಸಾರಾಗೋಗು ಮಗ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಾಳೆ.